ಮಡಿಗೆ ಬಂದ ಕಾಲುಚೀಲ

ಹಿಮಾಲಯ ಹತ್ತಲು ಹೊರಟವರಿಗೆ ಅಡ್ಡಿಯಾಗುವುದು ಹಿಮ, ಗಾಳಿ, ಏದುಸಿರು ಎಂದು ಎಲ್ಲರೂ ಹೇಳುತ್ತಾರೆ. ರಂಜನಿಗೆ ಅಡ್ಡಿಯಾದದ್ದು ಅವಳ ಅಜ್ಜಿಯ ಅಂಗಾಲು.

ಶ್ರೀರಂಗಪಟ್ಟಣದ ಕೋಟೆಯೊಳಗೆ, ದೇವಸ್ಥಾನದ ಹಿಂದಿನ ಬೀದಿಯಲ್ಲಿ ಅವರ ಮನೆ. ಹಳೆಯ ಕಲ್ಲುಚಪ್ಪಡಿಯ ನೆಲ. ಮಾರ್ಗಶಿರ ಬಂತೆಂದರೆ ಆ ನೆಲದ ಅಡಿಯಲ್ಲೇ ಕಾವೇರಿ ಹರಿಯುತ್ತಿದ್ದಾಳೇನೋ ಅನ್ನಿಸುವಷ್ಟು ತಣ್ಣಗಾಗುತ್ತಿತ್ತು. ಮಡಿಯುಟ್ಟು ದೇವರ ಮುಂದೆ ನಿಂತ ಅಜ್ಜಿ ಒಂದು ಕಾಲನ್ನೆತ್ತಿ ಇನ್ನೊಂದರ ಮೇಲಿಟ್ಟು, ಆಮೇಲೆ ಅದನ್ನಿಳಿಸಿ ಇದನ್ನೆತ್ತಿ, ಕೊಕ್ಕರೆ ಜಪಕ್ಕೆ ನಿಂತ ಹಾಗೆ ಪೂಜೆ ಮುಗಿಸುತ್ತಿದ್ದರು.

ರಂಜನಿ ಪಾಂಡವಪುರದ ಒಂದು ಸಹಕಾರ ಸಂಘದಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಹುಡುಗಿ. ಬಾಯಿಲ್ಲದವಳು ಎಂದು ಬೀದಿಯಲ್ಲೆಲ್ಲ ಹೆಸರು. ಇಳಿಯುವ ಜಾಗ ಬಂದಾಗ ಬಸ್ಸಿನಲ್ಲಿ 'ಹೋಲ್ಡಾನ್' ಎಂದು ಕೂಗಲು ನಾಚಿಕೆಯಾಗಿ, ಮುಂದಿನ ಸ್ಟಾಪಿನಲ್ಲಿ ಬೇರೆ ಯಾರೋ ಇಳಿಯುವಾಗ ಅವರ ಹಿಂದೆ ಇಳಿದು, ಅಷ್ಟು ದೂರವನ್ನೂ ವಾಪಸ್ಸು ನಡೆದು ಬರುವವಳು. ಅವಳಿಗೆ ನಡಿಗೆಯ ಅಭ್ಯಾಸವಾದದ್ದು ಹೀಗೆ.

ಇಂಥವಳನ್ನು ಕಾಲೇಜಿನ ಗೆಳತಿ ದಿವ್ಯ ಹಿಮಾಲಯಕ್ಕೆ ಕರೆದಿದ್ದಳು. ದಿವ್ಯ ಮೈಸೂರಿನವಳು, ವರ್ಷಕ್ಕೊಂದು ಸಲ ಗುಂಪು ಕಟ್ಟಿಕೊಂಡು ಹಿಮದ ಬೆಟ್ಟ ಹತ್ತಿಸುವವಳು. ಬರುತ್ತೀಯಾ ಎಂದು ಅವಳು ಕೇಳಿದಾಗ ರಂಜನಿ ತನ್ನ ಜೀವಮಾನದ ಅಭ್ಯಾಸದಂತೆ ಹೂಂ ಅಂದುಬಿಟ್ಟಳು. ಅಂದಮೇಲೆ, ಈ ಹೂಂ ಮಾತ್ರ ನಾಚಿಕೆಗೆ ಅಂದದ್ದಲ್ಲ, ನಿಜವಾಗಿಯೂ ಬೇಕಾಗಿ ಅಂದದ್ದು ಎಂದು ಅವಳಿಗೇ ಗೊತ್ತಾಯಿತು. ಅಮ್ಮನನ್ನು ಒಪ್ಪಿಸುವುದರೊಳಗೆ ದಸರೆ ಕಳೆದು ದೀಪಾವಳಿ ಬಂತು.

ಅಭ್ಯಾಸಕ್ಕೆಂದು ಒಂದು ಭಾನುವಾರ ಕುಂತಿಬೆಟ್ಟ ಹತ್ತಿದಳು. ಕಾಲಿಗೆ ಹತ್ತಿಯ ಕಾಲುಚೀಲ. ಇಳಿದು ಬರುವಾಗ ಬೆವರು ಕುಡಿದ ಹತ್ತಿ ಒದ್ದೆ ಬಟ್ಟೆಯಂತಾಗಿ, ಹಿಮ್ಮಡಿಯಲ್ಲಿ ಆಂಬೊಡೆಯಷ್ಟು ದಪ್ಪ ಬೊಕ್ಕೆ ಎದ್ದಿತ್ತು. ದಿವ್ಯ ಫೋನಿನಲ್ಲಿ ನಕ್ಕು ಪಾಠ ಹೇಳಿದಳು. ಹತ್ತಿ ಒದ್ದೆಯಾದರೆ ಒಣಗುವುದಿಲ್ಲ. ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತದೆ. ಅಡಿಯಲ್ಲಿ ಮೆತ್ತೆ ಇರಬೇಕು, ಹಿಮ್ಮಡಿಯಲ್ಲಿ ಸುಕ್ಕು ಬೀಳಬಾರದು, ಬೂಟಿನ ಮೇಲಕ್ಕೆ ಬರುವಷ್ಟು ಉದ್ದ ಇರಬೇಕು, ಬೂಟಿನೊಳಗೆ ಬೆರಳಾಡಿಸಲು ಜಾಗವೂ ಉಳಿಯಬೇಕು. ಮುಖ್ಯವಾಗಿ, ಉಣ್ಣೆ ಉಣ್ಣೆಯೇ ಆಗಿರಬೇಕು. ನಮ್ಮ ರೈಲು ನಿಮ್ಮೂರಲ್ಲಿ ನಿಲ್ಲುತ್ತಲ್ಲ, ನಾನು ಬಾಗಿಲಲ್ಲೇ ನಿಂತಿರ್ತೀನಿ, ಟಿಕೆಟ್ ತೋರಿಸದಿದ್ದರೂ ಪರವಾಗಿಲ್ಲ, ಉಣ್ಣೆ ಸಾಕ್ಸ್ ತೋರಿಸದೆ ಹತ್ತಿಸಲ್ಲ ಅಂದಳು.

ಅಂದಿನಿಂದ ರಂಜನಿಗೆ ಹಗಲೂ ಕಾಲುಚೀಲ, ಕನಸಲ್ಲೂ ಕಾಲುಚೀಲ. ವಧುವರರ ಜಾತಕ ನೋಡುವವರು ಕೂಡ ಅಷ್ಟು ಕೂಡಿಸಿ ಕಳೆದು ನೋಡಿರಲಾರರು. ಮೊಬೈಲಿನಲ್ಲಿ ನೂರಾರು ಜೊತೆ ನೋಡಿ, ಕೊಂಡವರೆಲ್ಲ ಬರೆದದ್ದನ್ನು ಓದಿ, ಇದು ಬೇಡ ಅದು ಬೇಡ ಎಂದು ತಳ್ಳಿ, ಕೊನೆಗೆ ಬೂದು ಬಣ್ಣದ ಒಂದು ಜೊತೆಯನ್ನು ಆರಿಸಿ ತರಿಸಿದಳು. ಹೊರಡುವ ಹಿಂದಿನ ದಿನ ಅದು ಮನೆಗೆ ಬಂತು. ಕಾಲಿಗೇರಿಸಿಕೊಂಡು ಕೋಣೆಯಲ್ಲಿ ನಾಲ್ಕು ಸುತ್ತು ಹಾಕಿದಳು. ಕಾಲನ್ನು ಯಾರೋ ಎರಡೂ ಕೈಯಲ್ಲಿ ಹಿಡಿದುಕೊಂಡಂತಿತ್ತು. ಪಕ್ಕದ ಮನೆಯ ಕೌಸಲ್ಯತ್ತೆ ಹೆಪ್ಪಿಗೆ ಮೊಸರು ಕೇಳಲು ಬಂದವರು ಅದೇನೇ ಅದು ಎಂದು ಕೇಳಿದರು. "ಶುದ್ಧ ಉಣ್ಣೇದು ಅತ್ತೆ" ಎಂದಳು ರಂಜನಿ, ಖುಷಿಯಲ್ಲಿ. ಆ ಒಂದು ಮಾತನ್ನು ನುಂಗಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಬ್ಯಾಗಿನ ಮೇಲಿಟ್ಟಿದ್ದ ಕಾಲುಚೀಲ ಇಲ್ಲ. ದೇವರ ಮನೆಯಿಂದ ಗಂಟೆಯ ಸದ್ದು ಬರುತ್ತಿತ್ತು. ಇಣುಕಿದಳು. ಅಜ್ಜಿ ಎರಡೂ ಕಾಲ ಮೇಲೆ ನೆಟ್ಟಗೆ ನಿಂತು ಮಂಗಳಾರತಿ ಎತ್ತುತ್ತಿದ್ದರು. ಮಡಿಸೀರೆಯ ಕಚ್ಚೆಯ ಕೆಳಗೆ ಹಿಮಾಲಯದ ಬೂದು ಕಾಲುಚೀಲ.

"ರಂಜೂ, ಬಂದ್ಯಾ" ಎಂದರು ಅಜ್ಜಿ ತಿರುಗದೆಯೇ. "ಉಣ್ಣೆಗೆ ಮೈಲಿಗೆ ಇಲ್ಲ ಕಣೇ. ಹತ್ತೀದಾದ್ರೆ ಒಗೀಬೇಕು, ಒಣಗಿಸ್ಬೇಕು, ಯಾರೂ ಮುಟ್ಬಾರ್ದು. ಉಣ್ಣೆ ಹಾಗೇ ಮಡಿ. ಇದು ಇಷ್ಟು ದಿನ ನನಗೆ ಹೊಳೀಲೇ ಇಲ್ಲ ನೋಡು, ಕೌಸಲ್ಯ ಬಂದು ಹೇಳ್ದಳು. ಈ ಕಾಲಿಗೆ ಜೀವ ಬಂದಿದ್ದು ಇವತ್ತೇ."

ಅಜ್ಜಿಯ ಕಣ್ಣಲ್ಲಿ ನೀರಿತ್ತು. ಅದು ಅಜ್ಜಿ, ನನಗೆ ಸಂಜೆ ರೈಲಿಗೆ ಬೇಕು ಎನ್ನಲು ಬಾಯಿ ತೆರೆದ ರಂಜನಿ, "ಹೌದಾ ಅಜ್ಜಿ" ಎಂದು ಮುಚ್ಚಿದಳು.

ಆ ದಿನ ಸಾಮಾನ್ಯ ದಿನವಾಗಿದ್ದರೆ ಅಜ್ಜಿಯ ಮಡಿ ಊಟದೊಂದಿಗೆ ಮುಗಿಯುತ್ತಿತ್ತು. ಆದರೆ ಬೀದಿಯ ಹಿರಿಯರು ತಿಂಗಳಿಂದ ನಡೆಸುತ್ತಿದ್ದ ಭಾಗವತ ಪಾರಾಯಣಕ್ಕೆ ಅಂದು ಅವರ ಮನೆಯಲ್ಲೇ ಮಂಗಳ. ಸಂಜೆ ತೀರ್ಥಪ್ರಸಾದ ಆಗುವವರೆಗೆ ಎಲ್ಲರೂ ಉಪವಾಸ, ಎಲ್ಲರೂ ಮಡಿ. ಮಡಿಯಲ್ಲಿದ್ದವರನ್ನು ರಂಜನಿ ಮುಟ್ಟುವಂತಿಲ್ಲ. ಮಂಗಳ ಮುಗಿಯುವುದೂ ಸಂಜೆ, ರೈಲು ಬರುವುದೂ ಸಂಜೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನ ಕಿವಿಯಲ್ಲಿ ಗೋಳು ತೋಡಿಕೊಂಡರೆ ಅಮ್ಮ, ಎಲ್ಲ ಮುಗಿದ ಮೇಲೆ ಈಸ್ಕೊಂಡರಾಯಿತು, ಈಗ ಸುಮ್ನಿರು ಎಂದು ಹಿತ್ತಿಲು ಗುಡಿಸಲು ಕಳಿಸಿದರು.

ಪಾರಾಯಣ ಮಾಡುವ ಸುಶಮೀಂದ್ರಾಚಾರ್ಯರು ಬಂದರು. ಹಿರಿಯರೆಲ್ಲ ಸೇರಿದರು. ಅಜ್ಜಿಯ ಕಾಲು ನೋಡಿ ದೊಡ್ಡ ಚರ್ಚೆಯೇ ಎದ್ದಿತು. ಕಾಲಿಗೆ ಹಾಕುವುದೆಂದರೆ ಅದು ಚಪ್ಪಲಿಯ ಜಾತಿ ಅಲ್ಲವೇ ಎಂದು ಒಬ್ಬರು. ಹಾಗಾದರೆ ಕಾಲುಂಗುರ ಯಾವ ಜಾತಿ ಎಂದು ಇನ್ನೊಬ್ಬರು. ಆಚಾರ್ಯರು ಬಾಗಿ ಕಾಲುಚೀಲವನ್ನು ಚಿವುಟಿ ನೋಡಿ, ನಮ್ಮ ಅಜ್ಜ ಮಡಿಗೆ ಉಡುತ್ತಿದ್ದ ಉಣ್ಣೆಯ ಧಾವಳಿಯ ಹಾಗೇ ಇದೆ, ಧಾವಳಿ ಉಟ್ಟು ಪೂಜೆ ಮಾಡಬಹುದಾದರೆ ಇದನ್ನು ತೊಟ್ಟೂ ಮಾಡಬಹುದು ಎಂದು ತೀರ್ಪು ಕೊಟ್ಟರು. ಕೊಟ್ಟವರು ತಮ್ಮ ಪಾದವನ್ನೂ ಒಮ್ಮೆ ಆಸೆಯಿಂದ ನೋಡಿಕೊಂಡರು.

ತೀರ್ಪು ಬಂದದ್ದೇ ತಡ, ಮಡಿಯಲ್ಲಿ ಅಡುಗೆ ಮಾಡಲು ನಿಂತಿದ್ದ ಕೌಸಲ್ಯತ್ತೆ ತಮ್ಮ ಹಿಮ್ಮಡಿಯ ಒಡಕನ್ನು ತೋರಿಸಿ ನಿಟ್ಟುಸಿರಿಟ್ಟರು. ಅಜ್ಜಿ ದಾನಶೂರರು. ಬಲಗಾಲಿನದನ್ನು ಬಿಚ್ಚಿ ಕೊಟ್ಟರು. ಒಂದೊಂದು ಕಾಲಾದರೂ ಬೆಚ್ಚಗಿರಲಿ ಎಂದರು. ಹೀಗೆ ರಂಜನಿ ತಿಂಗಳುಗಟ್ಟಲೆ ತೂಗಿ ಆರಿಸಿದ ಜೋಡಿಯ ಒಂದು ಚೀಲ ದೇವರ ಮನೆಯಲ್ಲಿ ಭಾಗವತ ಕೇಳುತ್ತ, ಇನ್ನೊಂದು ಒಲೆಯ ಮುಂದೆ ಕಡಲೆಬೇಳೆ ಬೆಲ್ಲದ ಹಯಗ್ರೀವ ಕೆದಕುತ್ತ ಉಳಿದವು.

ಪೊರಕೆಯನ್ನು ಮೂಲೆಗಿಟ್ಟು ರಂಜನಿ ಪರ್ಸು ಹಿಡಿದು ಹೊರಬಿದ್ದಳು. ಇನ್ನೊಂದು ಜೊತೆ ಕೊಂಡರೆ ತೀರಿತು. ಪ್ರಪಂಚದಲ್ಲಿ ಇದೇನು ಕೊನೆಯ ಜೊತೆಯೇ?

ಶ್ರೀರಂಗಪಟ್ಟಣದ ಮಟ್ಟಿಗೆ ಹೌದು ಎಂದು ಬೇಗನೆ ಗೊತ್ತಾಯಿತು. ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಸ್ಕೂಲಿನ ಬಿಳಿ ಸಾಕ್ಸು, ಮದುವೆ ಗಂಡಿನ ಕರಿ ಸಾಕ್ಸು, ಕೂಸಿನ ಹೂವಿನ ಸಾಕ್ಸು ಎಲ್ಲ ಇದ್ದವು. ಉಣ್ಣೆಯದು ಎಂದೊಡನೆ ಎಲ್ಲರೂ ಕೋತಿ ಟೋಪಿ ತೆಗೆದು ತೋರಿಸುತ್ತಿದ್ದರು.

ಪಾಂಡವಪುರಕ್ಕೆ ಬಸ್ಸು ಹತ್ತಿದಳು. ಅವಳ ಕಚೇರಿಯ ಎದುರಿಗೆ ಚಿಕ್ಕಸ್ವಾಮಿಯ ಅಂಗಡಿ. ಕಂಬಳಿ, ಟವೆಲ್ಲು, ಲುಂಗಿ, ಸ್ವೆಟರು ಎಲ್ಲ ಅವನಲ್ಲಿ ಸಿಗುತ್ತಿತ್ತು. ದಿನಾ ಕಂಡು ಮುಗುಳ್ನಗುವ ಪರಿಚಯ. ಅವಳು ಮೂರು ಸಲ ಹೇಳಿದ ಮೇಲೆ ಅವನಿಗೆ ಕೇಳಿಸಿತು.

"ಕಾಲ್ಗೆ ಉಣ್ಣೆದಾ?" ಎಂದ ಚಿಕ್ಕಸ್ವಾಮಿ. "ನಮ್ ಸೀಮೆಲಿ ಬೆಟ್ಟ ಅತ್ತೋರೆಲ್ಲ ಬರಿಗಾಲಲ್ಲೇ ಅತ್ತೋದು ಕಣವ್ವ. ನೀನೇನು ಅರಕೆ ಮಾಡ್ಕಂಡಿದ್ದೀಯಾ, ಇಲ್ಲ ಸುಮ್ಕೆ ಓಗ್ತಿದ್ದೀಯಾ?"

"ಸುಮ್ನೆ."

"ಸುಮ್ಕೆ ಯಾರಾದ್ರೂ ಬೆಟ್ಟ ಅತ್ತಾರಾ?" ಎಂದು ಅವನು ಪಕ್ಕಕ್ಕೆ ತಿರುಗಿ ಕೇಳಿದ. ಅಲ್ಲಿ ಕ್ಯಾತನಹಳ್ಳಿಯ ಬೈರಮ್ಮ ಮೊಮ್ಮಗಳ ಮದುವೆಗೆ ಕಂಬಳಿ ಕೊಳ್ಳಲು ಬಂದು ಕುಳಿತಿದ್ದಳು. ಆಳು ಗಟ್ಟಿ, ದನಿ ಅದಕ್ಕಿಂತ ಗಟ್ಟಿ. ಬೈರಮ್ಮ ರಂಜನಿಯನ್ನು ಮೇಲಿಂದ ಕೆಳಗೆ ನೋಡಿ, ಮೊದಲು ಏನಾದರೂ ಉಂಡಿದ್ದೀಯಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಚೀಲದಿಂದ ಒಂದು ಬಾಳೆಹಣ್ಣು ಬಿಡಿಸಿ ಕೈಗಿಟ್ಟಳು.

ಬಾಳೆಹಣ್ಣು ತಿನ್ನುತ್ತ ರಂಜನಿಯ ಕಣ್ಣು ಬೈರಮ್ಮ ಆರಿಸಿಟ್ಟಿದ್ದ ಕಂಬಳಿಯ ಮೇಲೆ ಬಿತ್ತು. ಉಣ್ಣೆ! ಒಂದು ಮೂಲೆ ಕತ್ತರಿಸಿ ಚೀಲದ ಹಾಗೆ ಹೊಲಿದರೆ? ಇಂಥದ್ದೇ ಇನ್ನೊಂದು ಕಂಬಳಿ ಕೊಂಡು ಕತ್ತರಿಸಿಕೊಡುವಿರಾ ಎಂದು ಮೆಲ್ಲಗೆ ಕೇಳಿದಳು. ಚಿಕ್ಕಸ್ವಾಮಿ ಅಳತೆ ಟೇಪನ್ನು ಕೈಬಿಟ್ಟ. ಬೈರಮ್ಮ ಗಲ್ಲಕ್ಕೆ ಬೆರಳಿಟ್ಟುಕೊಂಡಳು.

"ಏನ್ಮಗ, ಓದ್ದೋಳಾಗಿ ಇಂಗಂದೀಯಾ? ಇದ ಮಡಿಸಿ ಗದ್ಗೆ ಮಾಡಿ ಅದ್ರ ಮ್ಯಾಲೆ ದ್ಯಾವ್ರ ಕೂರುಸ್ತೀವಿ, ಮದ್ವೆಲಿ ಎಣ್ಣುಗಂಡ ಕೂರುಸ್ತೀವಿ. ಇದ ಕಾಲ್ಗಾಕ್ತರಾ? ಕತ್ರಿ ಮುಟ್ಸಿದ್ರೂ ಪಾಪ ಬತ್ತದೆ."

ಮನೆಯಲ್ಲಿ ಉಣ್ಣೆ ದೇವರದ್ದಾದ್ದರಿಂದ ಕಾಲಿಗೆ ಹಾಕಲೇಬೇಕು. ಇಲ್ಲಿ ಉಣ್ಣೆ ದೇವರದ್ದಾದ್ದರಿಂದ ಕಾಲಿಗೆ ಹಾಕಲೇಬಾರದು. ಎರಡರ ನಡುವೆ ರಂಜನಿಯ ಕಾಲು ಮಾತ್ರ ಬರಿದಾಗಿತ್ತು.

ಅವಳ ಮುಖ ಬಾಡಿದ್ದು ನೋಡಿ ಚಿಕ್ಕಸ್ವಾಮಿಗೆ ಕರುಳು ಚುರುಕ್ಕೆಂದಿತು. ಕೆ.ಆರ್. ಪೇಟೆಯಲ್ಲಿ ಬಟ್ಟೆ ಅಂಗಡಿಯಿಟ್ಟ ಷಡ್ಡಕನಿಗೆ ಫೋನು ಮಾಡಿದ. ಷಡ್ಡಕ ಕಿಕ್ಕೇರಿಗೆ ಮಾಡಿದ, ಸಿಂಧಘಟ್ಟಕ್ಕೆ ಮಾಡಿದ. ಅಲ್ಲಿಂದ ಯಾರೋ ನಾಗಮಂಗಲಕ್ಕೆ ಮಾಡಿದರು. ಪಾಂಡವಪುರದಿಂದ ಹೊರಟಾಗ ಮಾತು 'ಒಂದು ಹುಡುಗಿಯ ಕಾಲು ಬೆಚ್ಚಗಿಡಲು ಉಣ್ಣೆ ಬೇಕು' ಎಂದಿತ್ತು. ಕಿಕ್ಕೇರಿ ದಾಟುವಾಗ 'ಹುಡುಗಿಯ ಕಾಲು ಬೆಚ್ಚಗಾಗುತ್ತಿಲ್ಲ' ಎಂದಾಯಿತು. ನಾಗಮಂಗಲ ಮುಟ್ಟುವ ಹೊತ್ತಿಗೆ 'ಹುಡುಗಿಯ ಕೈಕಾಲು ತಣ್ಣಗಾಗಿದೆ' ಎಂದಾಗಿ, ಅಲ್ಲಿಂದ ಪುಣ್ಯಾತ್ಮರೊಬ್ಬರು ತಿರುಗಿ ಫೋನು ಮಾಡಿ, ಅಂಗಾಲಿಗೆ ಬೆಳ್ಳುಳ್ಳಿ ತಿಕ್ಕಿ, ಬಾಯಿಗೆ ನೀರು ಬಿಡಿ, ದೊಡ್ಡಾಸ್ಪತ್ರೆಗೆ ಸಾಗಿಸಿ ಎಂದು ಗದ್ಗದಿತರಾದರು. ಚಿಕ್ಕಸ್ವಾಮಿ, ಇಲ್ಲ ಸ್ವಾಮಿ, ಬಾಳೆಹಣ್ಣು ತಿಂತಾವಳೆ ಅಂದರೆ ಅವರು ನಂಬಲೊಲ್ಲರು. ಒಟ್ಟಿನಲ್ಲಿ ನಾಲ್ಕು ತಾಲ್ಲೂಕು ಅವಳಿಗಾಗಿ ಮರುಗಿತು. ಉಣ್ಣೆಯ ಕಾಲುಚೀಲ ಮಾತ್ರ ಎಲ್ಲೂ ಸಿಗಲಿಲ್ಲ.

ಆಗ ಬೈರಮ್ಮನಿಗೆ ಉಪಾಯ ಹೊಳೆಯಿತು. ಸ್ವೆಟರಿನ ತೋಳು ಕತ್ತರಿಸಿ ತುದಿ ಹೊಲಿದರೆ ಕಾಲುಚೀಲ ತಾನೇ ಎಂದಳು. ಚಿಕ್ಕಸ್ವಾಮಿ ಹಸಿರು ಸ್ವೆಟರೊಂದನ್ನು ತಂದ. ಬೇಡ ಎನ್ನಲಾಗದೆ ರಂಜನಿ ನೋಡುತ್ತ ನಿಂತಳು. ಪಕ್ಕದ ಟೈಲರು ಟರ್ರೆಂದು ಎರಡು ತೋಳುಗಳ ಬಾಯಿ ಮುಚ್ಚಿ ಕೊಟ್ಟ. ತೊಟ್ಟು ನೋಡಿದರೆ ಹಿಮ್ಮಡಿ ಇರಬೇಕಾದಲ್ಲಿ ಮೊಣಕೈ ಬಂದಿತ್ತು. ಬೆರಳ ತುದಿಯಲ್ಲಿ ಉಳಿದ ತೋಳು ಆನೆಯ ಸೊಂಡಿಲಿನಂತೆ ಆಡುತ್ತಿತ್ತು. ಬೈರಮ್ಮನಿಗೆ ಮಾತ್ರ ಅದು ಬಹಳ ಚೆನ್ನಾಗಿ ಕಂಡಿತು.

"ಇದು ಉಣ್ಣೆನೇ ಅಲ್ವಾ?" ಎಂದು ರಂಜನಿ ಕೇಳಿದಳು.

"ಉಣ್ಣೆ ಎಲ್ ಬತ್ತದವ್ವ, ಬರೀ ನೈಲಾನು" ಎಂದ ಚಿಕ್ಕಸ್ವಾಮಿ. "ನೀ ಕೇಳ್ನೇ ಇಲ್ಲ."

ಅಂಗಡಿಯ ಹೊರಗೆ ಬಂದು ದಿವ್ಯಳಿಗೆ ಫೋನು ಮಾಡಿದಳು. ಅಜ್ಜಿ, ಮಡಿ, ಹಯಗ್ರೀವ ಎಲ್ಲವನ್ನೂ ಹೇಳಲು ನಾಚಿಕೆ. ಉಣ್ಣೆಯದಲ್ಲದೆ ಬೇರೆ ಹಾಕಿಕೊಂಡರೆ ಏನಾದರೂ ಆಗುತ್ತಾ, ಸುಮ್ಮನೆ ಕೇಳಿದೆ ಎಂದಳು. ಬೆರಳು ಕಪ್ಪಗಾಗಿ ಉದುರತ್ತೆ, ಸುಮ್ಮನೆ ಹೇಳಿದೆ ಎಂದಳು ದಿವ್ಯ. ಉಣ್ಣೆ ಇಲ್ಲದಿದ್ದರೆ ಸ್ಟೇಷನ್ನಿಗೇ ಬರಬೇಡ ಎಂದೂ ಸೇರಿಸಿದಳು.

ವಾಪಸ್ಸು ಬರುವ ಬಸ್ಸಿನಲ್ಲಿ ರಂಜನಿ ಕಿಟಕಿಗೆ ತಲೆಯಾನಿಸಿ ಕೂತಳು. ಕಬ್ಬಿನ ಗದ್ದೆಗಳು ಹಿಂದೆ ಹಿಂದೆ ಓಡುತ್ತಿದ್ದವು. ಎಲ್ಲವೂ ಇತ್ತು, ಬೂಟು, ಬ್ಯಾಗು, ಟಿಕೆಟ್ಟು, ರಜೆ, ಅಮ್ಮನ ಅಪ್ಪಣೆ. ಬದುಕಿನಲ್ಲಿ ಮೊದಲ ಸಲ ತಾನಾಗಿ ಬಯಸಿದ್ದು ಇದೊಂದೇ. ಅದು ಒಂದೊಂದು ಕಾಲಿಗೆ ಒಂದೊಂದಾಗಿ ಹಂಚಿಹೋಗಿತ್ತು. ಯೋಚಿಸುತ್ತಿದ್ದಂತೆ ಅವಳೊಳಗೆ ಏನೋ ಕುದಿಯತೊಡಗಿತು. ಸ್ಟಾಪು ಬಂತು. ಕಂಡಕ್ಟರು ಬಸ್ಸಿನ ಇನ್ನೊಂದು ತುದಿಯಲ್ಲಿದ್ದ. "ಹೋಲ್ಡಾನ್" ಎಂದು ರಂಜನಿ ಎಷ್ಟು ಜೋರಾಗಿ ಕೂಗಿದಳೆಂದರೆ ಡ್ರೈವರು ಯಾರೋ ಚಕ್ರದಡಿಗೆ ಬಿದ್ದರೆಂದು ಬ್ರೇಕು ಒತ್ತಿದ. ಇಳಿದವಳ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಹೀಗೂ ಬದುಕಬಹುದಲ್ಲ ಎನ್ನಿಸಿತು.

ಆ ಬಿಸಿ ಆರುವ ಮೊದಲೇ ಮನೆ ಸೇರಿದಳು. ಅಡುಗೆ ಸಿದ್ಧವಾಗಿ, ಎಲೆಯ ಮುಂದೆ ನೀರಿಟ್ಟು, ನೈವೇದ್ಯಕ್ಕೆ ಪಾತ್ರೆಗಳನ್ನು ಸಾಲಾಗಿ ಇಡಲಾಗಿತ್ತು. ಆಚಾರ್ಯರು ಕೊನೆಯ ಅಧ್ಯಾಯದಲ್ಲಿದ್ದರು. ಬೆಳಗಿನಿಂದ ಉಪವಾಸವಿದ್ದ ಹಿರಿಯರ ಕಿವಿ ಶ್ಲೋಕದ ಕಡೆ, ಮೂಗು ಹಯಗ್ರೀವದ ಕಡೆ. ಅಜ್ಜಿ ಬೆಚ್ಚಗಿದ್ದ ಎಡಗಾಲನ್ನು ಮುಂದೆ ಚಾಚಿ ಕಣ್ಣು ಮುಚ್ಚಿ ಕೂತಿದ್ದರು.

ರಂಜನಿ ಪಡಸಾಲೆಯ ನಡುವೆ ನಿಂತಳು. "ಅಜ್ಜಿ, ಅದು ಉಣ್ಣೆ ಅಲ್ಲ" ಎಂದಳು.

ಆಚಾರ್ಯರ ಶ್ಲೋಕ ಅರ್ಧದಲ್ಲಿ ನಿಂತಿತು.

"ಪ್ಲಾಸ್ಟಿಕ್ ದಾರದ್ದು. ನನಗೂ ಈಗಲೇ ಗೊತ್ತಾಗಿದ್ದು."

ಅದು ಅವಳ ಬದುಕಿನ ಮೊದಲ ಸುಳ್ಳು. ಆದ್ದರಿಂದಲೇ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಬಾಯಿಲ್ಲದ ಹುಡುಗಿ ಬಾಯಿಬಿಟ್ಟು ಹೇಳಿದ ಮೇಲೆ ಅದು ಸತ್ಯವಲ್ಲದೆ ಇನ್ನೇನು? ಅಜ್ಜಿ ಹಾವು ಸುತ್ತಿಕೊಂಡಂತೆ ಕಾಲು ಕೊಡವಿದರು. ಕೌಸಲ್ಯತ್ತೆ ಮಡಿಗೋಲಿನ ತುದಿಯಿಂದ ತಮ್ಮದನ್ನು ಎತ್ತಿ ಎಸೆದರು. ಎರಡು ಚೀಲಗಳೂ ಬಂದು ರಂಜನಿಯ ಮುಂದೆ ಬಿದ್ದವು. ಒಂದಕ್ಕೆ ಬೆಲ್ಲದ ಪಾಕ ಅಂಟಿತ್ತು, ಅಷ್ಟೆ. ಅವಳು ಬಾಚಿಕೊಂಡು ಕೋಣೆಗೆ ಓಡಿದಳು. ಬ್ಯಾಗಿಗೆ ತುರುಕಿ, ಬೂಟು ಕಟ್ಟಿ, ಬೆನ್ನಿಗೇರಿಸಿದಳು. ರೈಲಿಗೆ ಇನ್ನೂ ಹೊತ್ತಿತ್ತು. ಮನೆಯಿಂದ ಸ್ಟೇಷನ್ನಿಗೆ ನಡೆದೇ ಹೋಗಬಹುದು. ಹಿಮ ಅವಳನ್ನು ಕರೆಯುತ್ತಿತ್ತು.

ಬ್ಯಾಗು ಹೊತ್ತು ಪಡಸಾಲೆಗೆ ಬಂದಾಗ ಅಲ್ಲಿ ಬೇರೆಯೇ ನಾಟಕ ನಡೆದಿತ್ತು. ಪ್ಲಾಸ್ಟಿಕ್ಕು ತೊಟ್ಟವರು ಮಾಡಿದ ಅಡುಗೆ ನೈವೇದ್ಯಕ್ಕೆ ಆಗುವುದಿಲ್ಲ. ಹಯಗ್ರೀವ, ಹುಗ್ಗಿ, ಆಂಬೊಡೆ ಎಲ್ಲವೂ ಹೊರಗೆ. ಎಲ್ಲರೂ ಮತ್ತೆ ಸ್ನಾನ ಮಾಡಬೇಕು, ಮತ್ತೆ ಒಲೆ ಹೊತ್ತಿಸಬೇಕು, ಅಲ್ಲಿಯವರೆಗೆ ಉಪವಾಸ. ಮುದುಕರೊಬ್ಬರು ಕಂಬಕ್ಕೊರಗಿ, ಹೊರಗೆ ಹೋಗುತ್ತಿದ್ದ ಆಂಬೊಡೆಯ ತಟ್ಟೆಯನ್ನು ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ನೋಡುತ್ತಿದ್ದರು. ಬಚ್ಚಲಿನಿಂದ ನೀರಿನ ಸದ್ದು ಕೇಳಿಸಿತು. ಅಜ್ಜಿ, ಬಿಸಿನೀರು ಕಾಯುವವರೆಗೆ ತಾಳಿ ಎಂದ ಅಮ್ಮನ ಮಾತು ಕೇಳದೆ, ತಣ್ಣೀರಿನ ಕೊಡಕ್ಕೆ ಕೈಹಾಕಿದ್ದರು. ಬರಿಗಾಲು ಕಲ್ಲಿನ ಮೇಲೆ ನಡುಗುತ್ತಿತ್ತು.

ರಂಜನಿ ಹೊಸಿಲಿನ ಮೇಲೆ ನಿಂತಳು. ಒಂದು ಬೂಟು ಹೊರಗೆ, ಒಂದು ಒಳಗೆ. ಹೊರಗಿನ ಬೂಟು ಎಷ್ಟು ಎಳೆದರೂ ಒಳಗಿನದು ಏಳಲಿಲ್ಲ.

"ಅಜ್ಜಿ, ನೀರು ಸುರ್ಕೋಬೇಡಿ" ಎಂದಳು. ದನಿ ಹಳೆಯ ಸಣ್ಣ ದನಿಯೇ ಆಗಿತ್ತು. "ನಾನು ಸುಳ್ಳು ಹೇಳಿದೆ. ಅದು ಶುದ್ಧ ಉಣ್ಣೇನೇ. ರೈಲಿಗೆ ಹೊತ್ತಾಗತ್ತೆ, ನೀವು ವಾಪಸ್ಸು ಕೊಡಲ್ಲ ಅಂತ ಹಾಗಂದೆ."

ಕಾಲುಚೀಲಗಳನ್ನು ಬ್ಯಾಗಿನಿಂದ ತೆಗೆದು ನೆಲದ ಮೇಲಿಟ್ಟಳು. ಇಟ್ಟ ಮೇಲೆ ಅವಳಿಗೆ ವಿಚಿತ್ರವಾಗಿ ಹಗುರವೆನ್ನಿಸಿತು. ಹಿಮಾಲಯ ಹೋದರೆ ಹೋಯಿತು, ಅಜ್ಜಿಯ ಕಾಲು ಬೆಚ್ಚಗಿರಲಿ.

ಅಜ್ಜಿ ಕೊಡ ಕೆಳಗಿಟ್ಟು ಹೊರಗೆ ಬಂದರು. ಆಂಬೊಡೆಯ ತಟ್ಟೆ ಬಾಗಿಲಲ್ಲೇ ನಿಂತಿತು. ಎಲ್ಲರೂ ಆಚಾರ್ಯರ ಮುಖ ನೋಡಿದರು. ಆಚಾರ್ಯರು ಗಂಟಲು ಸರಿಮಾಡಿಕೊಂಡರು. "ಒಂದು ಗಳಿಗೆಯಲ್ಲಿ ಎರಡು ಮಾತು ಆಯ್ತು. ಎರಡರಲ್ಲಿ ಒಂದು ಸುಳ್ಳು. ಯಾವುದು ಅಂತ ಈ ಹುಡುಗಿನ ಕೇಳೋದು ಬೇಡ, ದೀಪಾನ ಕೇಳೋಣ" ಎಂದರು.

ಅಜ್ಜಿಗೆ ಅರ್ಥವಾಯಿತು. ಹಿಂದೆ ಧಾವಳಿ ಮಾರುವವರು ಬಂದಾಗ ಮನೆಯ ಹೆಂಗಸರು ಒಂದು ಎಳೆ ಕಿತ್ತು ದೀಪಕ್ಕೆ ಹಿಡಿಯುತ್ತಿದ್ದರಂತೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಪುಡಿ ಬೂದಿಯಾಗುತ್ತದೆ. ಕಲಬೆರಕೆಯಾದರೆ ಅಲ್ಲೇ ಬಣ್ಣ ಬಯಲು. ಬೆಳಿಗ್ಗೆ ಯಾಕೆ ನೋಡಲಿಲ್ಲ ಎಂದು ಯಾರೋ ಕೇಳಿದರು. ರಂಜನಿ ಹೇಳಿದ ಮೇಲೆ ನೋಡೋದೇನು ಎಂದರು ಅಜ್ಜಿ.

ಕಾಲುಚೀಲದ ಅಂಚಿನಿಂದ ಒಂದು ಎಳೆ ಕಿತ್ತರು. ದೇವರ ಮನೆಯ ಹೊಸಿಲ ಹೊರಗೆ ಒಂದು ಹಣತೆ ಹಚ್ಚಿಟ್ಟರು. ಎಲ್ಲರೂ ಸುತ್ತ ಬಾಗಿದರು. ರಂಜನಿಗೆ ಮಾತ್ರ ಆತಂಕವಿರಲಿಲ್ಲ. ನೂರಾರು ಜೊತೆ ನೋಡಿ ಆರಿಸಿದವಳು ಅವಳೇ ತಾನೆ?

ಎಳೆಯನ್ನು ಬೆಂಕಿಗೆ ಹಿಡಿದರು. ಅದು ಉರಿಯಲಿಲ್ಲ. ಸುರುಟಿಕೊಂಡು, ಕರಗಿ, ಒಂದು ಹನಿಯಾಗಿ ಇಳಿದು, ಹಣತೆಯ ಅಂಚಿನಲ್ಲಿ ಕರಿ ಮಣಿಯಾಗಿ ಗಟ್ಟಿಯಾಯಿತು. ಒಲೆಯ ಪಕ್ಕ ಇಟ್ಟು ಕರಗಿದ ಪ್ಲಾಸ್ಟಿಕ್ ಬಕೀಟಿನಂಥ ವಾಸನೆ ಪಡಸಾಲೆಯೆಲ್ಲ ತುಂಬಿತು.

ಜೀವಮಾನದಲ್ಲಿ ಹೇಳಿದ್ದು ಒಂದೇ ಸುಳ್ಳು, ಅದೂ ನಿಜವಾಗಿಬಿಟ್ಟಿತ್ತು.

ಆಂಬೊಡೆಯ ತಟ್ಟೆ ಮತ್ತೆ ಹೊರಟಿತು. ರಂಜನಿ ಕರಿ ಮಣಿಯನ್ನೇ ನೋಡುತ್ತ ಕೂತಳು. ಮೆತ್ತೆ, ಹಿಮ್ಮಡಿ, ಉದ್ದ ಎಲ್ಲವನ್ನೂ ಸರಿಯಾಗಿ ಆರಿಸಿದ್ದಳು, ಉಣ್ಣೆಯೊಂದನ್ನು ಬಿಟ್ಟು. ಇಡೀ ದಿನ ನಾಲ್ಕು ತಾಲ್ಲೂಕನ್ನು ಎಬ್ಬಿಸಿದ್ದು ಈ ಬಕೀಟಿಗಾಗಿ. ಬೈಗುಳಕ್ಕೆ ಕಾದು ತಲೆ ತಗ್ಗಿಸಿದಳು. ಬೈಗುಳ ಬರಲಿಲ್ಲ. ಅಜ್ಜಿ ಬಂದು ಪಕ್ಕದಲ್ಲಿ ಕೂತು, ಹೇಗೂ ಮಡಿ ಹೋಯಿತಲ್ಲ ಎಂದು ಅವಳನ್ನು ಹತ್ತಿರಕ್ಕೆಳೆದುಕೊಂಡರು.

"ನೋಡಿದ್ರಾ ಈ ಮಗೂನ" ಎಂದರು ಎಲ್ಲರಿಗೂ ಕೇಳುವಂತೆ. "ನನ್ನ ಮಡಿ ಕೆಡಬಾರ್ದು ಅಂತ ಧೈರ್ಯ ಮಾಡಿ ನಿಜ ಹೇಳಿತು. ಆಮೇಲೆ ಈ ಮುದುಕಿ ತಣ್ಣೀರು ಸುರ್ಕೋತಾಳಲ್ಲ ಅಂತ ಕರುಳು ಕಿತ್ಬಂದು, ಸುಳ್ಳು ಹೇಳಿದ್ದು ನಾನೇ ಅಂತ ಮೈಮೇಲೆ ಹಾಕ್ಕೊಂಡಿತು."

ಹಾಗಲ್ಲ ಅಜ್ಜಿ ಎಂದು ರಂಜನಿ ಶುರುಮಾಡಿದಳು. ಎಂಥ ವಿನಯ ಎಂದು ಆಚಾರ್ಯರು ತಲೆದೂಗಿದರು. ಕೌಸಲ್ಯತ್ತೆ ಕಣ್ಣೊರೆಸಿಕೊಂಡರು. ನಿಜವನ್ನು ಸುಳ್ಳೆಂದೂ ಸುಳ್ಳನ್ನು ನಿಜವೆಂದೂ ಕೊಂಡಾಡುವವರ ಮಧ್ಯೆ ಯಾವುದನ್ನು ಹೇಳಿದರೂ ಮೆಚ್ಚುಗೆಯೇ ಸಿಗುವ ಹಾಗಿತ್ತು.

ರೈಲಿನ ಮಾತನ್ನು ಎತ್ತಿದ್ದು ಅಮ್ಮ. ಈ ಬಕೀಟು ತೊಟ್ಟು ಹಿಮದಲ್ಲಿ ನಡೀತೀಯೇನೇ ಎಂದರು. ರಂಜನಿ ಇಲ್ಲವೆಂದು ತಲೆಯಾಡಿಸಿದಳು. ರೈಲಿನ ಬಾಗಿಲಲ್ಲಿ ನಿಂತ ದಿವ್ಯಳಿಗೆ ಏನೆಂದು ತೋರಿಸುವುದು? ಬೆನ್ನಿನ ಬ್ಯಾಗನ್ನಿಳಿಸಿ ಗೋಡೆಗೊರಗಿಸಿದಳು.

ಅಷ್ಟರಲ್ಲಿ ಹೊಸದೊಂದು ಮಾತು ಹುಟ್ಟಿತು. ಕಣ್ಣಲ್ಲಿ ನೋಡಿಯೇ ಉಣ್ಣೆಯ ಕಲಬೆರಕೆ ಹಿಡಿದವಳು ಈ ಬೀದಿಯಲ್ಲಿ ರಂಜನಿ ಒಬ್ಬಳೇ. ಹೀಗಿರುವಾಗ ತಮಗೆಲ್ಲ ನಿಜವಾದ ಉಣ್ಣೆಯ ಕಾಲುಚೀಲ ಆರಿಸಿ ತರಿಸಿಕೊಡಲು ಇವಳಿಗಿಂತ ಬಲ್ಲವರು ಯಾರಿದ್ದಾರೆ ಎಂದರು ಆಚಾರ್ಯರು. ಹಿರಿಯರೆಲ್ಲ ಹೌದೆಂದರು. ಉಪವಾಸದ ಸಂಕಟ ಮರೆಯಲು ಅವರಿಗೂ ಏನೋ ಒಂದು ಬೇಕಿತ್ತು. ಅಳತೆ ತೆಗೆದುಕೊಳ್ಳುತ್ತೀಯಾ ಎಂದು ಕೇಳಿದಾಗ ರಂಜನಿ ಅಭ್ಯಾಸದಂತೆ ಹೂಂ ಅಂದು, ಹಳೆಯ ಪೇಪರು ಹಾಸಿ, ಪೆನ್ಸಿಲ್ ಹಿಡಿದು ಕೂತಳು. ಅಜ್ಜಿ ಮೊದಲು ಬಲಗಾಲು ಇಟ್ಟರು. ಹಿಂದೆ ಬೀದಿಯ ಪಾದಗಳೆಲ್ಲ ಸರದಿ ನಿಂತವು.

ಅಜ್ಜಿಯ ಹೆಬ್ಬೆರಳನ್ನು ಸುತ್ತಿ ಪೆನ್ಸಿಲ್ಲು ತಿರುಗುತ್ತಿದ್ದಾಗ ಹೊಳೆಯ ಕಡೆಯಿಂದ ರೈಲಿನ ಕೂಗು ಕೇಳಿಸಿತು. ಅದರ ಬೆನ್ನಿಗೇ ಫೋನು. ದಿವ್ಯ. ರಂಜನಿ ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡಳು.

"ಎಲ್ಲಿದೀಯೇ, ಪ್ಲಾಟ್‌ಫಾರಂನಲ್ಲಿ ಕಾಣ್ತಾನೇ ಇಲ್ಲ" ಎಂದಳು ದಿವ್ಯ, ರೈಲಿನ ಸದ್ದಿನ ಮೇಲೆ. "ಮಧ್ಯಾಹ್ನ ನೀನು ಫೋನ್ ಮಾಡಿದಾಗ್ಲೇ ಗೊತ್ತಾಯ್ತು, ನಿನಗೆ ಸಾಕ್ಸ್ ಸಿಕ್ಕಿಲ್ಲ ಅಂತ. ನಿನಗೋಸ್ಕರ ಮೈಸೂರೆಲ್ಲ ಸುತ್ತಿ ಒಂದು ಜೊತೆ ತಂದಿದೀನಿ. ಶುದ್ಧ ಉಣ್ಣೇದು. ಬೇಗ ಬಂದು ಹತ್ತು."

ಬೀದಿಯ ಆಚೆ, ಮನೆಗಳ ಆಚೆ, ರೈಲು ಇನ್ನೊಮ್ಮೆ ಕೂಗಿ ಮೆಲ್ಲಗೆ ಹೊರಟ ಸದ್ದು ಫೋನಿನಿಂದಲೂ ಕಿಟಕಿಯಿಂದಲೂ ಒಟ್ಟಿಗೇ ಬಂತು.

"ಬಲಗಾಲು ಆಯ್ತಲ್ಲ" ಎಂದರು ಅಜ್ಜಿ, ಪಾದ ಬದಲಿಸಿ ಪೇಪರಿನ ಮೇಲೆ ಊರುತ್ತ. "ಎಡಗಾಲು ಸ್ವಲ್ಪ ದಪ್ಪ ಇದೆ, ನಿಧಾನವಾಗಿ ಬರಿ. ನಿನಗೇನು ಅವಸರ?"